ಹೊಸ ತಳಿಯ ತೀರ್ಪು ನಿಮ್ಮ ಹೊಲದಲ್ಲೇ ಆಗಲಿ



ತುಮಕೂರು ರಸ್ತೆಯ ಮಾದನಾಯಕನಹಳ್ಳಿ ಸುತ್ತ ಕಾರ್ಖಾನೆ, ಗೋದಾಮುಗಳು ಎದ್ದಿವೆ. ಉಳಿದ ತುಂಡು ಹೊಲದಲ್ಲಿ ಮಳೆ ನಂಬಿ ರಾಗಿ ಬಿತ್ತುವವರಿಗೆ ಒಂದು ಬೆಳೆ ಕೆಟ್ಟರೆ ಮನೆಯ ಮುದ್ದೆಗೂ ದನದ ಮೇವಿಗೂ ಕುತ್ತು. ಆದ್ದರಿಂದ ಹೊಸ ತಳಿ ಎಂದೊಡನೆ ಹೊಲಕ್ಕೆಲ್ಲ ಬಿತ್ತುವುದೂ ಸರಿಯಲ್ಲ, ನೋಡದೆಯೇ ಬೇಡವೆನ್ನುವುದೂ ಸರಿಯಲ್ಲ. ಐದಾರು ಮಂದಿ ಸೇರಿ ಪರೀಕ್ಷಿಸಿ ನೋಡುವುದೇ ಮೇಲು.

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅನಂತರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ಬೆಂಕಿ ರೋಗ ತಡೆಯುವ ಗುಣದಿಂದ ಹೆಸರಾಯಿತು. ಆದರೆ ಸಂಶೋಧನಾ ಕೇಂದ್ರದಲ್ಲಿ ಗೆದ್ದ ತಳಿ ಎಲ್ಲರ ಹೊಲದಲ್ಲೂ ಗೆಲ್ಲಬೇಕೆಂದಿಲ್ಲ. ಇದನ್ನರಿತ ಈ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದವರೊಡನೆ ಸೇರಿ, ರಾಗಿ ತಳಿ ಸುಧಾರಣೆಯಲ್ಲಿ ರೈತರನ್ನೇ ಪಾಲುದಾರರನ್ನಾಗಿ ಮಾಡಿಕೊಂಡರು. ಆ ಅನುಭವ 2000ದಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಿಮ್ಮ ಊರಿನಲ್ಲೂ ಇಂಥ ಪರೀಕ್ಷೆ ಮಾಡಬಹುದು. ಹಳೆಯ ತಳಿಗೂ ಹೊಸದಕ್ಕೂ ಅಕ್ಕಪಕ್ಕದಲ್ಲಿ ಎರಡೆರಡು ಗುಂಟೆ ಸಾಕು. ಎರಡನ್ನೂ ಒಂದೇ ದಿನ ಬಿತ್ತಿ, ಗೊಬ್ಬರವನ್ನು ಒಂದೇ ಅಳತೆಯಲ್ಲಿ ಕೊಡಿ. ಹೊಸದನ್ನು ಕೆರೆ ಬದಿಗೂ ಹಳೆಯದನ್ನು ದಿಬ್ಬಕ್ಕೂ ಬಿತ್ತಿದರೆ ಗೆಲ್ಲುವುದು ಮಣ್ಣು, ತಳಿಯಲ್ಲ. ಒಬ್ಬರ ಹೊಲವನ್ನೇ ನಂಬದೆ, ತಗ್ಗು, ದಿಬ್ಬ, ಕೆಂಪು ಮಣ್ಣು ಎಂದು ಐದಾರು ಕಡೆ ಹೀಗೆ ಮಾಡಿ. ಬಿತ್ತಿದ ದಿನ, ಮಳೆ ಬಂದ ದಿನ, ತೆನೆ ಕಂಡ ದಿನಗಳನ್ನು ಬರೆದಿಡಿ.

ಕೊಯ್ಲಿನಲ್ಲಿ ಪ್ರತಿ ತಾಕಿನ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲ ಹಗ್ಗ ಹಿಡಿದು, ಅಷ್ಟನ್ನೇ ಬೇರೆ ಕೊಯ್ದು, ಒಕ್ಕಿ, ಒಣಗಿಸಿ ತೂಗಿ. ಇದು ಹೆಚ್ಚುಕಡಿಮೆ ಕಾಲು ಗುಂಟೆ. ತೂಕವನ್ನು 160ರಿಂದ ಗುಣಿಸಿದರೆ ಎಕರೆಯ ಇಳುವರಿ. 5 ಕಿಲೋ ಬಂದರೆ ಎಕರೆಗೆ 8 ಕ್ವಿಂಟಾಲ್.

ಕಾಳು ತೂಗಿದರೆ ಮುಗಿಯಲಿಲ್ಲ, ಹುಲ್ಲನ್ನೂ ತೂಗಿ. ದನ ಇಷ್ಟಪಟ್ಟು ತಿನ್ನುತ್ತದೆಯೇ ನೋಡಿ. ಕಳೆ ಕಿತ್ತು, ಕೊಯ್ದು, ಮುದ್ದೆ ತಿರುವುವ ಹೆಣ್ಣುಮಕ್ಕಳ ಅಭಿಪ್ರಾಯವನ್ನೂ ಕೇಳಿ. ಒಂದೇ ವರ್ಷದ ಮಳೆ ನೋಡಿ ತೀರ್ಮಾನಿಸದೆ ಇನ್ನೊಂದು ಹಂಗಾಮು ಕಾಯಿರಿ.

ಬಿತ್ತನೆಗೆ ಮುನ್ನ ನಿಮ್ಮ ಗುಂಪಿನವರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಫಲಿತಾಂಶವನ್ನು ಅವರಿಗೂ ತಿಳಿಸಿ. ಸೋತ ತಾಕನ್ನು ಮುಚ್ಚಿಡಬೇಡಿ. ಎರಡು ಗುಂಟೆಯಲ್ಲಿ ಕಂಡ ಸೋಲು ಊರಿನ ನೂರು ಎಕರೆಯನ್ನು ಉಳಿಸೀತು.