ಶಾಸನಕ್ಕೊಂದು ವಿಳಾಸ

ಕರ್ನಾಟಕದ ಇತಿಹಾಸ ಕುರಿತ ಯಾವುದೇ ಗಂಭೀರ ಪುಸ್ತಕದ ಅಡಿಟಿಪ್ಪಣಿಗಳನ್ನು ನೋಡಿ. ‘ಎ.ಕ. 9, ನೆಲಮಂಗಲ 60’ ಎಂಬಂಥ ಗುರುತುಗಳು ಸಾಲುಗಟ್ಟಿರುತ್ತವೆ. ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ, ನೆಲಮಂಗಲ ತಾಲ್ಲೂಕು, ಅರವತ್ತನೆಯ ಶಾಸನ ಎಂದು ಅದನ್ನು ಓದಿಕೊಳ್ಳಬೇಕು. ಅದು ಮಣ್ಣೆಯ ತಾಮ್ರಶಾಸನ, ಕ್ರಿ.ಶ. 797ರದು, ಗಂಗರ ಮಾರಸಿಂಹನದು. ಪಕ್ಕದ 61ನೆಯದೂ ಮಣ್ಣೆಯದೇ. ಅದರ ಕಾಲ 802. ಸೇನಾಪತಿ ಶ್ರೀವಿಜಯ ಕಟ್ಟಿಸಿದ ಬಸದಿಯ ಪ್ರಸ್ತಾಪ ಎರಡರಲ್ಲೂ ಇದೆ. ಆದರೆ ಮೊದಲನೆಯದರಲ್ಲಿ ದತ್ತಿ ಕೊಡುವವರು ಗಂಗರು, ಎರಡನೆಯದರಲ್ಲಿ ರಾಷ್ಟ್ರಕೂಟರು. ಐದು ವರ್ಷಗಳಲ್ಲಿ ಗಂಗವಾಡಿಯ ಅಧಿಕಾರ ಕೈಬದಲಾಯಿಸಿದ್ದು ಅಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಕಾಣುತ್ತದೆ. ಗಂಗರ ಕಾಲದ ಮಾನ್ಯಪುರವೇ ಈ ಮಣ್ಣೆ. ಇಂದು ಅದು ತುಮಕೂರು ರಸ್ತೆಯಿಂದ ಒಳಗಿರುವ ಒಂದು ಹಳ್ಳಿ, ಕೆಲವು ಪಾಳುಗುಡಿಗಳು.

ಈ ಸಂಖ್ಯೆ ಕೊಟ್ಟವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇವರು ಮೊದಲು ಮೇಷ್ಟ್ರು, ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರು. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ತೆಗೆದ ಶಾಸನಗಳ ಫೋಟೋಗಳು ರೈಸರ ಕೈಗೆ ಬಂದವು. ಅವನ್ನು ಓದಿ 1879ರಲ್ಲಿ ಒಂದು ಪುಸ್ತಕ ತಂದರು. ಆ ಮೇಲೆ ಫೋಟೋ ಸಾಲದೆನಿಸಿ ಊರೂರಿಗೆ ಹೊರಟರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಬ್ರಷ್ಷಿನಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುವ ಕೆಲಸ ಅದು. 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುವಾಗಿ ಹನ್ನೆರಡು ಸಂಪುಟಗಳು ಬಂದವು. ಬೆಂಗಳೂರು ಜಿಲ್ಲೆಯದು 1905ರಲ್ಲಿ ಅಚ್ಚಾಯಿತು. ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆ ಹುಟ್ಟಿದ್ದು 1986ರಲ್ಲಿ. ಆದ್ದರಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ಈ ಒಂದೇ ಸಂಪುಟದಲ್ಲಿ ಸಿಗುತ್ತವೆ. ರೈಸರ ಓದಿನಲ್ಲಿ ತಪ್ಪುಗಳಿವೆ, ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಆದರೆ ತಾಲ್ಲೂಕಿನ ಹೆಸರಿನ ಮುಂದೆ ಒಂದು ಸಂಖ್ಯೆ ಎಂಬ ಅವರ ಏರ್ಪಾಟು ಈಗಲೂ ನಡೆಯುತ್ತಿದೆ. ನನ್ನನ್ನು ಕೇಳಿದರೆ ಅವರ ಅನುವಾದಗಳಿಗಿಂತ ಗಟ್ಟಿಯಾಗಿ ಉಳಿದಿರುವುದು ಈ ಸಂಖ್ಯೆಯೇ.

ಈ ಸಂಪುಟ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಿಂದೆ ದೊಡ್ಡ ಗ್ರಂಥಾಲಯಗಳಲ್ಲಿ ಬೀರುವಿನ ಬೀಗ ತೆಗೆಸಿ ನೋಡಬೇಕಿದ್ದ ಪುಸ್ತಕ ಫೋನಿಗೇ ಇಳಿಯುತ್ತದೆ. ಆದರೆ ಇಳಿಯುವುದು ಪುಟಗಳ ಚಿತ್ರ. ‘ಕೆರೆ’, ‘ತೂಬು’, ‘ಗಾವುಂಡ’ ಎಂದು ಹುಡುಕಿದರೆ ಆ ಚಿತ್ರ ಉತ್ತರ ಕೊಡುವುದಿಲ್ಲ. ಹಳೆಯ ಅಚ್ಚಿನ ಕನ್ನಡವನ್ನು ಯಂತ್ರ ಓದಿದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ರೋಮನ್ ಲಿಪಿಯ ಪಾಠದಲ್ಲಿ ಅಕ್ಷರಗಳ ಮೇಲಿನ ಗೆರೆ, ಚುಕ್ಕೆಗಳು ಹಾರಿಹೋಗುತ್ತವೆ. ಸ್ಕ್ಯಾನ್ ಮಾಡಿ ಏರಿಸಿಬಿಟ್ಟರೆ ಡಿಜಿಟಲ್ ಭಂಡಾರವಾಯಿತು ಎಂದು ನಂಬುವವರು ನಮ್ಮಲ್ಲಿ ಬಹಳ ಮಂದಿ.

ಈ ಕೆಲಸ ಪೂರ್ತಿ ಮಾಡಿದರೆ ಹೇಗಿರುತ್ತದೆ ಎಂದು ತಿಳಿಯಲು ಐರ್ಲೆಂಡಿನ ಕಡೆ ನೋಡಬಹುದು. ಅಲ್ಲಿನ ಕಾರ್ಕ್ ನಗರದ ವಿಶ್ವವಿದ್ಯಾಲಯ 1990ರ ದಶಕದಿಂದ ‘ಸೆಲ್ಟ್’ ಎಂಬ ಪಠ್ಯಭಂಡಾರ ನಡೆಸುತ್ತಿದೆ. ವರ್ಷವಾರು ಬರೆದಿಟ್ಟ ಹಳೆಯ ವೃತ್ತಾಂತಗಳು, ವೀರಕಥೆಗಳು, ಕವಿತೆಗಳು, ಸಂತರ ಚರಿತ್ರೆಗಳು ಎಲ್ಲವೂ ಅಕ್ಷರ ಅಕ್ಷರವಾಗಿ ಟೈಪಾಗಿ, ತಿದ್ದುಪಡಿ ಕಂಡು, ಅಲ್ಲಿ ಕೂತಿವೆ. ಪ್ರತಿ ಪಠ್ಯಕ್ಕೂ ಒಂದು ಗುರುತುಸಂಖ್ಯೆ ಇದೆ. ಯಾವ ಮುದ್ರಿತ ಆವೃತ್ತಿಯಿಂದ ತೆಗೆದದ್ದು, ಸಂಪಾದಿಸಿದವರು ಯಾರು, ಗಣಕಕ್ಕೆ ಏರಿಸಿದವರು ಯಾರು ಎಂಬ ವಿವರ ಜೊತೆಗೇ ಇರುತ್ತದೆ. ಐರಿಷ್ ಪಕ್ಕದಲ್ಲೇ ಲ್ಯಾಟಿನ್, ನಾರ್ಮನ್ನರ ಫ್ರೆಂಚ್, ಇಂಗ್ಲಿಷ್ ಪಠ್ಯಗಳೂ ಇವೆ. ಆ ದ್ವೀಪದಲ್ಲಿ ಯಾವ ಭಾಷೆಯಲ್ಲಿ ಬರೆದದ್ದಾದರೂ ಅಲ್ಲಿಗೆ ಸಲ್ಲುತ್ತದೆ.

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕಿನವರು ಗಮನಿಸಬೇಕಾದ ಮಾತು ಇದು. 1004ರ ಸುಮಾರಿಗೆ ಚೋಳರು ತಲಕಾಡು ಹಿಡಿದರು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಅವರನ್ನು ಹೊರಗಟ್ಟುವವರೆಗೆ, ಮತ್ತೆ ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನ ಕಾಲದಲ್ಲಿ, ಈ ಸೀಮೆಯ ಎಷ್ಟೋ ಊರುಗಳಲ್ಲಿ ತಮಿಳು ಶಾಸನಗಳೂ ಹುಟ್ಟಿದವು. ಕನ್ನಡ, ಸಂಸ್ಕೃತ, ತಮಿಳು, ಅಲ್ಲಲ್ಲಿ ತೆಲುಗು ಸೇರಿದರೇ ದೇವನಹಳ್ಳಿ, ಹೊಸಕೋಟೆಗಳ ಕಥೆ. ರೈಸ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಎಣಿಸಿದ್ದಾರೆ. ಕನ್ನಡದ್ದಷ್ಟೇ ಆರಿಸಿ ಭಂಡಾರ ಕಟ್ಟಿದರೆ ಆ ಸಾಲಿನ ನಡುನಡುವೆ ತೂತು ಬೀಳುತ್ತದೆ.

ಕನ್ನಡದಲ್ಲಿ ಪಠ್ಯಭಂಡಾರವೇ ಇಲ್ಲವೆಂದಲ್ಲ. ‘ವಚನ ಸಂಚಯ’ದಲ್ಲಿ ಒಂದು ಪದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಸಮಗ್ರ ವಚನ ಸಂಪುಟಗಳಂಥ ಸಂಪಾದಿತ ಮುದ್ರಣ ಮೊದಲೇ ಇದ್ದದ್ದರಿಂದ ಅದು ಸಾಧ್ಯವಾಯಿತು. ಶಾಸನಕ್ಕೆ ಇನ್ನೊಂದು ತೊಡಕು ಇದೆ, ಕಲ್ಲು ಇರುವುದು ಬಯಲಿನಲ್ಲಿ.

ಈ ತೊಡಕಿಗೆ ಕೈ ಹಾಕಿರುವುದು ಬೆಂಗಳೂರಿನ ಮಿಥಿಕ್ ಸೊಸೈಟಿ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಗ್ರಾಮಾಂತರ ಜಿಲ್ಲೆಯೂ ಇದರ ವ್ಯಾಪ್ತಿಯಲ್ಲಿದೆ. ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕಿನ ವಿನ್ಯಾಸಗಳನ್ನು ಬೀರಿ ಉಬ್ಬುತಗ್ಗುಗಳನ್ನು ಅಳೆಯುತ್ತದೆ. ಆಮೇಲೆ ತೆರೆಯ ಮೇಲೆ ಆ ಕಲ್ಲನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಬಣ್ಣ ಕಳೆಯಬಹುದು, ಯಾವ ಮಗ್ಗುಲಿನಿಂದ ಬೇಕಾದರೂ ಬೆಳಕು ಬಿಡಬಹುದು. ಸವೆದು ಕಣ್ಣಿಗೆ ಸಿಗದ ಅಕ್ಷರ ಆಗ ತಲೆಯೆತ್ತುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲೂ ಈಗ ಹೀಗೆ ನೋಡಲು ಸಿಗುತ್ತದೆ.

ಐರ್ಲೆಂಡಿನಲ್ಲೂ ಇದೇ ದಾರಿ ಹಿಡಿದಿದ್ದಾರೆ. ಅಲ್ಲಿನ ಓಘಂ ಎಂಬ ಪ್ರಾಚೀನ ಲಿಪಿ ಕಲ್ಲಿನ ಅಂಚಿನುದ್ದಕ್ಕೂ ಕೊರೆದ ಗೀರುಗಳದು. ಅಂಚನ್ನು ಬಳಸಿಕೊಂಡು ಎರಡೂ ಮುಖಕ್ಕೆ ಹರಡುವ ಬರಹವನ್ನು ಒಂದು ಫೋಟೋದಲ್ಲಿ ಹಿಡಿಯುವುದು ಕಷ್ಟ. ಡಬ್ಲಿನ್ನಿನ ಉನ್ನತ ಅಧ್ಯಯನ ಸಂಸ್ಥೆ ಆ ಕಲ್ಲುಗಳ ಮೂರು ಆಯಾಮದ ಪ್ರತಿ, ಪಾಠ, ಸಿಕ್ಕ ಸ್ಥಳ ಮೂರನ್ನೂ ಒಟ್ಟಿಗೆ ಇಟ್ಟಿದೆ. ನಮ್ಮಲ್ಲಿ ಪಾಠ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಇವೆರಡನ್ನು ಬೆಸೆಯಲು ರೈಸರ ಸಂಖ್ಯೆಗಿಂತ ಒಳ್ಳೆಯ ಕೊಂಡಿ ನನಗೆ ಕಾಣದು.

ಅವಸರವೂ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಸುತ್ತಲ ಹೊಲಗಳು ಲೇಔಟುಗಳಾದವು, ರಸ್ತೆಗಳು ಅಗಲವಾದವು. ನಿಧಿಯಾಸೆಗೆ ಒಡೆಯುವವರು, ಭಕ್ತಿಯಿಂದ ಎನಾಮಲ್ ಬಳಿಯುವವರು ಮೊದಲೂ ಇದ್ದರು, ಈಗ ಜೆಸಿಬಿ ಸೇರಿದೆ. ಮೂಲ ನಾಶವಾದಾಗ ಪ್ರತಿಗೆ ಎಷ್ಟು ಬೆಲೆ ಬರುತ್ತದೆ ಎಂಬುದು ಡಬ್ಲಿನ್ನಿನವರಿಗೆ ಗೊತ್ತು. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಅಲ್ಲಿನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಗೊಂಡು ಏಳು ಶತಮಾನಗಳ ಕಾಗದಪತ್ರ ಬೂದಿಯಾಯಿತು. ಬೇರೆ ಬೇರೆ ಊರು, ದೇಶಗಳಲ್ಲಿದ್ದ ನಕಲುಗಳನ್ನು ಹೆಕ್ಕಿ, ಸರಿಯಾಗಿ ನೂರು ವರ್ಷಕ್ಕೆ, 2022ರಲ್ಲಿ, ಆ ಭಂಡಾರವನ್ನು ಅಂತರಜಾಲದಲ್ಲಿ ಮತ್ತೆ ತೆರೆದರು. ಕಲ್ಲು ಕಾಣೆಯಾದ ಊರುಗಳಲ್ಲಿ ನಮಗೆ ರೈಸರ 1905ರ ಪಾಠವೇ ಅಂಥ ನಕಲು.

ನಿಮ್ಮ ಊರಿನದನ್ನು ಹುಡುಕುವುದು ಕಷ್ಟವಲ್ಲ. ಸಂಪುಟದಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಅನುವಾದ, ರೋಮನ್ ಪಾಠ, ಕನ್ನಡ ಪಾಠ ಬೇರೆ ಬೇರೆ ಭಾಗಗಳಲ್ಲಿದ್ದರೂ ಸಂಖ್ಯೆ ಎಲ್ಲೆಡೆ ಒಂದೇ. ಊರಿನ ಹೆಸರು ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿರುತ್ತದೆ, ಎರಡು ಮೂರು ಬಗೆಯಲ್ಲಿ ಹುಡುಕಬೇಕು. ಸಂಪುಟದಲ್ಲಿ ಇಲ್ಲದ ಬರಹದ ಕಲ್ಲು ಕಣ್ಣಿಗೆ ಬಿದ್ದರೆ ಸುಣ್ಣ, ಸೀಮೆಸುಣ್ಣ, ಹಿಟ್ಟು ಯಾವುದನ್ನೂ ಹಚ್ಚಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದು, ಫೋನಿನ ನಕ್ಷೆಯಲ್ಲಿ ಸ್ಥಳ ಗುರುತಿಸಿ, ಸರ್ವೆ ನಂಬರ್ ಗೊತ್ತಿದ್ದರೆ ಬರೆದುಕೊಂಡು, ರಾಜ್ಯ ಪುರಾತತ್ತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಿ. ಕಲ್ಲನ್ನು ಮಾತ್ರ ಇದ್ದಲ್ಲಿಂದ ಕದಲಿಸಬೇಡಿ. ದಾನ ಕೊಟ್ಟ ಹೊಲದ ಎಲ್ಲೆಯನ್ನು ಎಷ್ಟೋ ಸಲ ಹೇಳುವುದು ಅದು ನಿಂತ ಜಾಗವೇ.