ಕರ್ನೆಲ್ಲಿನ ಡ್ರೈವರುಗಳೂ ಅವುಗಳ ತಿದ್ದುಪಡಿಯ ಪರಿಶೀಲನೆಯೂ

ಗಣಕಯಂತ್ರದ ಸಮಸ್ತ ವ್ಯವಹಾರಕ್ಕೂ ಆಧಾರವಾದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಮುದ್ರಕ, ಜಾಲಕಾರ್ಡು ಮೊದಲಾದ ಒಂದೊಂದು ಸಾಧನವನ್ನೂ ನಡೆಸತಕ್ಕ ಕ್ರಮವಿಧಿಗೆ ಡ್ರೈವರ್ ಎನ್ನುವರು. ಸಾಮಾನ್ಯ ಕ್ರಮವಿಧಿಯು ತಪ್ಪಿದರೆ ಅದೊಂದೇ ನಿಲ್ಲುವುದು. ಲಿನಕ್ಸಿನಂತಹ ವ್ಯವಸ್ಥೆಯಲ್ಲಿ ಡ್ರೈವರುಗಳು ಬಹುಮಟ್ಟಿಗೆ ಕರ್ನೆಲ್ಲಿನ ಪೂರ್ಣಾಧಿಕಾರದಿಂದಲೇ ನಡೆಯುವುದರಿಂದ ಅವುಗಳ ತಪ್ಪು ಇಡೀ ಯಂತ್ರವನ್ನು ಕೆಡಿಸಬಲ್ಲುದು. ಲಿನಕ್ಸ್ ಮತ್ತು ಓಪನ್‌ಬಿಎಸ್‌ಡಿ ಕರ್ನೆಲ್ಲುಗಳನ್ನು ಕುರಿತು ಸ್ಟಾನ್‌ಫರ್ಡ್ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಲವು ಬಗೆಯ ದೋಷಗಳು ಡ್ರೈವರುಗಳಲ್ಲಿ ಉಳಿದ ಭಾಗಕ್ಕಿಂತ 3ರಿಂದ 7 ಪಟ್ಟಿನವರೆಗೆ ಹೆಚ್ಚೆಂದು ತೋರಿಸಿತು.

ಆದುದರಿಂದಲೇ ಪ್ರತಿಯೊಂದು ತಿದ್ದುಪಡಿಯನ್ನೂ ಕರ್ತೃವಲ್ಲದ ಬೇರೊಬ್ಬರು ಪರಿಶೀಲಿಸುವುದು ಅವಶ್ಯಕ. ಪಡೆದ ಸ್ಮೃತಿಭಾಗವನ್ನು ಕೆಲಸವು ನಡುವೆ ವಿಫಲವಾದಾಗಲೂ ಹಿಂದಿರುಗಿಸಲಾಗುವುದೆ? ಪಡೆದ ಕ್ರಮಕ್ಕೆ ವಿಪರೀತವಾದ ಕ್ರಮದಲ್ಲಿ ಬಿಡುಗಡೆಯಾಗುವುದೆ? ಸಾಧನದ ತುರ್ತುಕರೆಗೆ ಓಗೊಡುವ ಭಾಗದಲ್ಲಿ ನಿದ್ರೆಗೆ ಅವಕಾಶವಿದೆಯೆ? ಸಾಧನವನ್ನು ಕಿತ್ತ ಮೇಲೂ ಅದರ ವಿಳಾಸವನ್ನು ಯಾರಾದರೂ ಬಳಸುವರೆ? ಇವು ಪರಿಶೀಲಕನ ಮುಖ್ಯ ಪ್ರಶ್ನೆಗಳು. ಇವುಗಳಿಗೆ ಉತ್ತರವು ಅನೇಕವೇಳೆ ಬದಲಾದ ಸಾಲುಗಳಲ್ಲಿ ದೊರೆಯದೆ, ಬದಲಾಗದೆ ಉಳಿದ ಸಾಲುಗಳಲ್ಲಿರುವುದು.

2008ರ ಒಂದು ಪ್ರಸಂಗದಿಂದ ಈ ಮಾತು ಸ್ಪಷ್ಟವಾಗುವುದು. ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಬಳಸಿದ ಕೆಲವರ ಇಂಟೆಲ್ ಜಾಲಕಾರ್ಡುಗಳು ನಿರುಪಯುಕ್ತವಾದವು. ಕಾರ್ಡಿನೊಳಗಣ ಸ್ಥಿರಸ್ಮೃತಿಯೇ ಕೆಟ್ಟಿದ್ದುದರಿಂದ ಯಂತ್ರವನ್ನು ಮರಳಿ ಆರಂಭಿಸಿದರೂ ಫಲವಿರಲಿಲ್ಲ. ಸಂಶಯವು ಸಹಜವಾಗಿಯೇ ಇ1000ಇ ಎಂಬ ಡ್ರೈವರಿನ ಮೇಲೆ ಬಿದ್ದಿತು. ಆದರೆ ಅಕ್ಟೋಬರ್ ತಿಂಗಳಲ್ಲಿ ನಿಜವಾದ ಕಾರಣವು ಎಫ್‌ಟ್ರೇಸ್ ಎಂಬ ಬೇರೊಂದು ಅಂಗದಲ್ಲಿ ದೊರೆಯಿತು. ಕರ್ನೆಲ್ಲಿನ ನಡೆಯನ್ನು ಗುರುತಿಸಲು ಆ ಅಂಗವು ಕೆಲವು ವಿಳಾಸಗಳನ್ನು ಬರೆದಿಟ್ಟುಕೊಂಡು, ಅನಂತರ ಅಲ್ಲಿಯ ಆಜ್ಞೆಗಳನ್ನು ತಿದ್ದುತ್ತಿದ್ದಿತು. ಅಷ್ಟರೊಳಗೆ ಆರಂಭಕಾಲಕ್ಕೆ ಮಾತ್ರ ಬೇಕಾದ ಆಜ್ಞೆಗಳು ತೆಗೆಯಲ್ಪಟ್ಟು, ಅದೇ ವಿಳಾಸಗಳು ಕಾರ್ಡಿನ ಸ್ಥಿರಸ್ಮೃತಿಗೆ ಸಂದಿರಬಹುದಾಗಿತ್ತು. ತಿದ್ದುವ ಮುನ್ನ ಹಳೆಯ ಆಜ್ಞೆಯೊಡನೆ ಹೋಲಿಸಿ ನೋಡುವ ಎಚ್ಚರಿಕೆಯೇನೋ ಇದ್ದಿತು; ಆದರೆ ಹೋಲಿಕೆಯು ತಪ್ಪಿದಾಗಲೂ ಪ್ರೊಸೆಸರು ಆ ಸ್ಥಳಕ್ಕೆ ಬರೆಯುತ್ತಿದ್ದುದರಿಂದ ಕಾರ್ಡು ಕೆಡುತ್ತಿದ್ದಿತು.

2.6.27.1ರಲ್ಲಿ ಎಫ್‌ಟ್ರೇಸಿನ ಆ ಭಾಗವನ್ನು ನಿಲ್ಲಿಸಲಾಯಿತು; ಡ್ರೈವರಿಗೂ ಸ್ಥಿರಸ್ಮೃತಿಗೆ ಬರೆಯದಂತೆ ತಡೆಯನ್ನು ಸೇರಿಸಲಾಯಿತು. ಡ್ರೈವರನ್ನು ಎಷ್ಟು ಸೂಕ್ಷ್ಮವಾಗಿ ಓದಿದ್ದರೂ ಈ ದೋಷವು ಅಲ್ಲಿ ಕಾಣುತ್ತಿರಲಿಲ್ಲ. ಒಂದು ವಿಳಾಸವು ಎಂದಿನಿಂದ ಎಂದಿನವರೆಗೆ ಯಾರ ಅಧೀನವೆಂಬುದನ್ನು ವಿಚಾರಿಸುವುದೇ ಪರಿಶೀಲನೆಯ ಸಾರ.