ಬಿಟ್ಟಿ ದೊರೆತ ದೃಶ್ಯಕ್ಕೂ ಒಡೆಯನುಂಟು

ಚಲಚ್ಚಿತ್ರವನ್ನು ತಯಾರಿಸುವುದು ಒಂದು ಕಾಲದಲ್ಲಿ ದೊಡ್ಡ ಬಂಡವಾಳವುಳ್ಳವರಿಗೆ ಮಾತ್ರ ಸಾಧ್ಯವಾದ ಕಾರ್ಯವಾಗಿತ್ತು. ಕ್ಯಾಮರಾ, ಫಿಲ್ಮಿನ ಸುರುಳಿ, ಅದನ್ನು ಸಂಸ್ಕರಿಸುವ ಪ್ರಯೋಗಾಲಯ ಇವೆಲ್ಲಕ್ಕೂ ಹಣ ಸುರಿಯಬೇಕಾಗಿತ್ತು. ಇಂದು ಅಂಗಿಯ ಜೇಬಿನಲ್ಲಿ ಹಿಡಿಸುವ ಮೊಬೈಲ್ ಫೋನೊಂದು ಈ ಎಲ್ಲ ಕೆಲಸಗಳನ್ನೂ ಮಾಡಿಬಿಡುತ್ತದೆ. ಆದರೂ ಚಿತ್ರಕ್ಕೆ ಬೇಕಾದ ದೃಶ್ಯಗಳೆಲ್ಲವನ್ನೂ ಒಬ್ಬನೇ ತೆಗೆಯಲಾರನು. ಕಳೆದುಹೋದ ಘಟನೆಯನ್ನು ಮರಳಿ ಕರೆತರುವುದು ಸಾಧ್ಯವಿಲ್ಲ. ಆಕಾಶದಾಚೆಯಿಂದ ಭೂಮಿಯನ್ನು ನೋಡುವುದು ಎಲ್ಲರ ಪಾಲಿಗೂ ಬಂದುದಲ್ಲ. ಆಗ ಬೇರೊಬ್ಬರು ತೆಗೆದಿಟ್ಟ ತುಣುಕುಗಳಿಗೆ ಮೊರೆಹೋಗಬೇಕಾಗುತ್ತದೆ. ಇವನ್ನು ಚಿತ್ರೋದ್ಯಮದವರು ‘ಸ್ಟಾಕ್ ಫುಟೇಜ್’ ಎನ್ನುತ್ತಾರೆ. ನಾವು ‘ಸಿದ್ಧದೃಶ್ಯ’ವೆಂದು ಕರೆಯೋಣ. ಅಂತರಜಾಲದಲ್ಲಿ ಇಂಥವು ರಾಶಿರಾಶಿಯಾಗಿ ದೊರೆಯುತ್ತವೆ. ದೊರೆತುದನ್ನೆಲ್ಲ ಬಳಸಬಹುದೆ? ಯಾವುದನ್ನು ಬಳಸಬಹುದು, ಯಾವ ನಿಯಮಕ್ಕೆ ಒಳಪಟ್ಟು ಬಳಸಬಹುದು ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿಚಾರಿಸೋಣ.

ಮೆಟ್ರಿಯ ವಿದ್ಯಾರ್ಥಿಯ ಚಿತ್ರ

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನ ಮೆಟ್ರಿ ಗ್ರಾಮದ ವಿದ್ಯಾರ್ಥಿಯೊಬ್ಬನು ತುಂಗಭದ್ರಾ ಅಣೆಕಟ್ಟನ್ನು ಕುರಿತು ಐದು ನಿಮಿಷದ ವಿಜ್ಞಾನಚಿತ್ರವನ್ನು ತಯಾರಿಸಿ, ಸ್ಪರ್ಧೆಗೆ ಕಳುಹಿಸಿ, ಬಳಿಕ ಯೂಟ್ಯೂಬಿನಲ್ಲಿ ಪ್ರಕಟಿಸಬೇಕೆಂದಿರುವನೆಂದು ಭಾವಿಸೋಣ. ವಿಷಯವೇನೋ ಸ್ವಾರಸ್ಯವಾದುದೇ. ೨೦೨೪ರ ಆಗಸ್ಟ್ ೧೦ರ ರಾತ್ರಿ ಆ ಅಣೆಕಟ್ಟಿನ ೩೩ ಕ್ರಸ್ಟ್ ಗೇಟುಗಳಲ್ಲಿ ೧೯ನೆಯದರ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಈ ಗೇಟಿನ ಅಗಲ ಸುಮಾರು ೬೦ ಅಡಿ, ಎತ್ತರ ಸುಮಾರು ೨೦ ಅಡಿ. ಜಲಾಶಯ ತುಂಬಿದಾಗ ಇಂಥ ಒಂದು ಗೇಟಿನ ಮೇಲೆ ಬೀಳುವ ಒಟ್ಟು ಬಲವೆಷ್ಟು? ನೀರಿನ ಒತ್ತಡವು ಆಳಕ್ಕೆ ತಕ್ಕಂತೆ ಹೆಚ್ಚುವುದರಿಂದ, ನಡುಮಟ್ಟದ ಒತ್ತಡವನ್ನು ಗೇಟಿನ ವಿಸ್ತೀರ್ಣದಿಂದ ಗುಣಿಸಿದರೆ ಸಾಕು. ಉತ್ತರವು ಸುಮಾರು ೩೪೦ ಟನ್ನುಗಳ ತೂಕಕ್ಕೆ ಸಮನಾಗುತ್ತದೆ. ಇದನ್ನು ಚಿತ್ರದಲ್ಲಿ ತೋರಿಸಬೇಕೆಂಬುದು ನಮ್ಮ ವಿದ್ಯಾರ್ಥಿಯ ಉದ್ದೇಶ.

ಅವನಿಗೆ ಬೇಕಾದ ದೃಶ್ಯಗಳು ಐದು. ಗೇಟು ಮುರಿದಾಗ ನೀರು ನುಗ್ಗಿದ ದೃಶ್ಯ ಮೊದಲನೆಯದು. ಅಣೆಕಟ್ಟು ಕಟ್ಟುತ್ತಿದ್ದ ಕಾಲದ ದೃಶ್ಯ ಎರಡನೆಯದು. ಉಪಗ್ರಹದ ಕಣ್ಣಿಗೆ ಕಾಣುವ ಮುಂಗಾರಿನ ಮೋಡಗಳು ಮೂರನೆಯದು. ಮಳೆ, ಹೊಳೆ, ಜಲಪಾತಗಳಂಥ ಸಾಮಾನ್ಯ ದೃಶ್ಯ ನಾಲ್ಕನೆಯದು. ಇಂದಿನ ಅಣೆಕಟ್ಟು ಹಾಗೂ ನಮ್ಮ ನಾಡಿನ ಹಳೆಯ ನೀರಾವರಿಗೆ ಸಾಕ್ಷಿಯಾಗಿ ಹಂಪಿಯ ಕಲ್ಲಿನ ಕಾಲುವೆಗಳು ಐದನೆಯದು. ಇವುಗಳನ್ನು ಹುಡುಕುವ ಮುನ್ನ ಕಾನೂನಿನ ತಿರುಳನ್ನು ತಿಳಿಯಬೇಕು.

ಕೃತಿಸ್ವಾಮ್ಯವೆಂದರೇನು?

ಒಬ್ಬನು ದೃಶ್ಯವೊಂದನ್ನು ಚಿತ್ರೀಕರಿಸಿದ ಕೂಡಲೆ ಅದರ ಮೇಲೆ ಕೃತಿಸ್ವಾಮ್ಯವು ತಾನಾಗಿಯೇ ಉಂಟಾಗುತ್ತದೆ. ಅದಕ್ಕೆ ನೋಂದಣಿಯಾಗಲಿ, ಮುದ್ರೆಯಾಗಲಿ, ಎಚ್ಚರಿಕೆಯ ಬರಹವಾಗಲಿ ಬೇಕಿಲ್ಲ. ನಮ್ಮ ದೇಶದಲ್ಲಿ ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ಚಲಚ್ಚಿತ್ರಕ್ಕೆ ಪ್ರಕಟಣೆಯ ಮುಂದಿನ ವರ್ಷದ ಮೊದಲ ದಿನದಿಂದ ೬೦ ವರ್ಷಗಳ ರಕ್ಷಣೆ ನೀಡಿದೆ. ೧೯೬೦ರಲ್ಲಿ ಪ್ರಕಟವಾದ ಚಿತ್ರವೊಂದು ೨೦೨೦ರ ಕೊನೆಯವರೆಗೂ ರಕ್ಷಣೆಯಲ್ಲಿದ್ದು, ೨೦೨೧ರ ಜನವರಿ ೧ರಂದು ಸಾರ್ವಜನಿಕ ಸ್ವತ್ತಾಯಿತು. ಉಲ್ಲಂಘನೆಗೆ ಕಾಯಿದೆಯ ೬೩ನೆಯ ಪ್ರಕರಣವು ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ.

ಈ ವಿಷಯದಲ್ಲಿ ವಿದ್ಯಾರ್ಥಿಗಳಲ್ಲಿ ಮೂರು ತಪ್ಪು ಕಲ್ಪನೆಗಳು ಬೇರೂರಿವೆ. ‘ಮೂವತ್ತು ಸೆಕೆಂಡಿಗಿಂತ ಚಿಕ್ಕ ತುಣುಕಾದರೆ ಬಾಧಕವಿಲ್ಲ’ ಎಂಬುದು ಮೊದಲನೆಯದು. ಅಂಥ ಅಳತೆಯು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ‘ಕರ್ತೃವಿನ ಹೆಸರು ಹಾಕಿದರೆ ಸಾಕು’ ಎಂಬುದು ಎರಡನೆಯದು. ಹೆಸರು ಹಾಕುವುದು ಸೌಜನ್ಯ, ಅಪ್ಪಣೆ ಬೇರೆ. ‘ವಿದ್ಯೆಗಾಗಿ ಎಲ್ಲವೂ ಮುಕ್ತ’ ಎಂಬುದು ಮೂರನೆಯದು. ಇದರಲ್ಲಿ ಅರ್ಧ ಸತ್ಯವಿದೆ. ೫೨ನೆಯ ಪ್ರಕರಣವು ಶಾಲಾಕಾಲೇಜಿನ ಚಟುವಟಿಕೆಯ ಅಂಗವಾಗಿ ಅಧ್ಯಾಪಕರು, ವಿದ್ಯಾರ್ಥಿಗಳು, ಅವರ ಪೋಷಕರು ಇವರಷ್ಟೇ ಕುಳಿತು ನೋಡುವ ಪ್ರದರ್ಶನಕ್ಕೆ ವಿನಾಯಿತಿ ನೀಡಿದೆ. ಆದರೆ ಅದೇ ಚಿತ್ರವನ್ನು ಯೂಟ್ಯೂಬಿಗೆ ಏರಿಸಿದ ಕ್ಷಣದಲ್ಲಿ ನೋಡುಗರು ತರಗತಿಯವರಾಗಿ ಉಳಿಯುವುದಿಲ್ಲ, ಲೋಕವೆಲ್ಲವೂ ನೋಡುಗನಾಗುತ್ತದೆ.

‘ಉಚಿತ’ ಎಂಬ ಮಾತಿನ ಮೂರು ಅರ್ಥಗಳು

ಜಾಲತಾಣಗಳು ‘ಉಚಿತ’ ಎಂಬ ಒಂದೇ ಮಾತನ್ನು ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಸುತ್ತವೆ. ಗೊಂದಲದ ಮೂಲವೇ ಇದು.

ಮೊದಲನೆಯದು ಸಾರ್ವಜನಿಕ ಸ್ವತ್ತು. ಅವಧಿ ಮುಗಿದ ಅಥವಾ ಒಡೆಯನು ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟ ಕೃತಿಗಳಿವು. ಹಂಪಿಯಲ್ಲಿಯೇ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ೧೮೫೬ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಗುಡಿಗೋಪುರಗಳ ಛಾಯಾಚಿತ್ರಗಳನ್ನು ತೆಗೆದನು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಅವೇ ಸ್ಥಳಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಕಲ್ಲು ಅದೇ, ಕೋನವೂ ಅದೇ. ಆದರೆ ಗ್ರೀನ್‌ಲಾನ ಚಿತ್ರಗಳ ಕೃತಿಸ್ವಾಮ್ಯ ಎಂದೋ ಮುಗಿದಿದೆ. ಗೋಲಿಂಗ್ಸರ ಚಿತ್ರಗಳದು ಇನ್ನೂ ನಡೆಯುತ್ತಿದೆ. ಗುಡಿಯ ವಯಸ್ಸನ್ನು ಎಣಿಸಿ ಪ್ರಯೋಜನವಿಲ್ಲ, ಚಿತ್ರದ ವಯಸ್ಸನ್ನು ಎಣಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯದು ಮುಕ್ತ ಪರವಾನಗಿ. ಇಲ್ಲಿ ಒಡೆಯನು ಒಡೆಯನಾಗಿಯೇ ಇದ್ದು, ‘ಈ ನಿಯಮಗಳನ್ನು ಪಾಲಿಸಿದರೆ ಯಾರು ಬೇಕಾದರೂ ಬಳಸಲಿ’ ಎಂದು ಮುಂಚಿತವಾಗಿಯೇ ಅಪ್ಪಣೆ ಕೊಟ್ಟಿರುತ್ತಾನೆ. ಇವುಗಳಲ್ಲಿ ಪ್ರಸಿದ್ಧವಾದುವು, ೨೦೦೨ರಲ್ಲಿ ಮೊದಲು ಹೊರಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು. ಅವುಗಳ ನಾಲ್ಕು ಗುರುತುಗಳನ್ನು ನೆನಪಿಡಬೇಕು. ‘ಬಿವೈ’ ಎಂದರೆ ಕರ್ತೃವಿನ ಹೆಸರನ್ನು ಹೇಳತಕ್ಕದ್ದು. ‘ಎಸ್‌ಎ’ ಎಂದರೆ ಅದನ್ನು ಮಾರ್ಪಡಿಸಿ ಮಾಡಿದ ಕೃತಿಯನ್ನೂ ಅದೇ ನಿಯಮದಂತೆ ಇತರರಿಗೆ ಬಿಡತಕ್ಕದ್ದು. ‘ಎನ್‌ಸಿ’ ಎಂದರೆ ಲಾಭಕ್ಕಾಗಿ ಬಳಸಕೂಡದು. ‘ಎನ್‌ಡಿ’ ಎಂದರೆ ಮಾರ್ಪಡಿಸಿದುದನ್ನು ಹಂಚಕೂಡದು. ತುಣುಕನ್ನು ಕತ್ತರಿಸಿ, ಜೋಡಿಸಿ, ಮಾತು ಕೂಡಿಸುವವನಿಗೆ ಈ ಕೊನೆಯ ಗುರುತುಳ್ಳ ದೃಶ್ಯವು ನಿರುಪಯೋಗಿಯೆಂದೇ ತಿಳಿಯಬೇಕು.

ಮೂರನೆಯದು ‘ರಾಯಲ್ಟಿ ಫ್ರೀ’. ಇದರ ಅರ್ಥವನ್ನು ಗ್ರಹಿಸುವುದು ಸೊಂಡೂರಿನ ಕಡೆಯವರಿಗೆ ಕಷ್ಟವಲ್ಲ. ಅಲ್ಲಿನ ಗಣಿಗಳಿಂದ ಕಬ್ಬಿಣದ ಅದಿರನ್ನು ತೆಗೆದಷ್ಟಕ್ಕೂ ಸರ್ಕಾರಕ್ಕೆ ರಾಜಧನ ಸಲ್ಲಬೇಕು. ಇಂದು ತೆಗೆದುದಕ್ಕೆ ಇಂದು, ನಾಳೆ ತೆಗೆದುದಕ್ಕೆ ನಾಳೆ. ದೃಶ್ಯಗಳ ವ್ಯವಹಾರದಲ್ಲಿಯೂ ಹೀಗೆಯೇ ಪ್ರತಿ ಬಳಕೆಗೂ ಹಣ ಸಲ್ಲಿಸುವ ಪದ್ಧತಿಯುಂಟು. ‘ರಾಯಲ್ಟಿ ಫ್ರೀ’ ಎಂದರೆ ಆ ಪುನಃಪುನಃ ಸಲ್ಲಿಕೆ ಇಲ್ಲವೆಂದಷ್ಟೇ ಅರ್ಥ. ಮೊದಲ ಬಾರಿಗೆ ಬೆಲೆ ಕೊಡಬೇಕಾಗಬಹುದು, ಕೊಡದೆಯೂ ಇರಬಹುದು. ಬೆಲೆಯಿಲ್ಲ ಎಂಬುದಕ್ಕೂ ರಾಜಧನವಿಲ್ಲ ಎಂಬುದಕ್ಕೂ ಇರುವ ಅಂತರವನ್ನು ಮರೆಯಕೂಡದು.

ಐದು ದೃಶ್ಯಗಳ ಹುಡುಕಾಟ

ಈಗ ನಮ್ಮ ವಿದ್ಯಾರ್ಥಿಯ ಪಟ್ಟಿಗೆ ಮರಳೋಣ. ಗೇಟು ಮುರಿದಾಗಿನ ದೃಶ್ಯಗಳನ್ನು ಅನೇಕ ದೂರದರ್ಶನ ವಾಹಿನಿಗಳು ಪ್ರಸಾರ ಮಾಡಿದವು. ಇಂದಿಗೂ ಅವು ಅಂತರಜಾಲದಲ್ಲಿ ಕಾಣಸಿಗುತ್ತವೆ. ಅವು ಆಯಾ ವಾಹಿನಿಗಳ ಸ್ವತ್ತು. ವರದಿ ಹಾಗೂ ವಿಮರ್ಶೆಗಾಗಿ ನ್ಯಾಯೋಚಿತ ಬಳಕೆಗೆ ಕಾಯಿದೆಯಲ್ಲಿ ಅವಕಾಶವಿದ್ದರೂ, ಯಾವುದು ನ್ಯಾಯೋಚಿತವೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯ. ೨೦೨೫ರ ಮೇ ತಿಂಗಳಲ್ಲಿ, ಸುದ್ದಿಸಂಸ್ಥೆಯೊಂದರ ಕೆಲವೇ ಸೆಕೆಂಡುಗಳ ದೃಶ್ಯವನ್ನು ಬಳಸಿದ್ದಕ್ಕೆ ತಮ್ಮಿಂದ ಲಕ್ಷಗಟ್ಟಲೆ ರೂಪಾಯಿ ಕೇಳಲಾಗುತ್ತಿದೆಯೆಂದು ಭಾರತದ ಯೂಟ್ಯೂಬ್ ಚಿತ್ರಕಾರರು ಬಹಿರಂಗವಾಗಿ ದೂರಿದರು. ಯೂಟ್ಯೂಬಿನ ನಿಯಮದಂತೆ ೯೦ ದಿನಗಳೊಳಗೆ ಮೂರು ಕೃತಿಸ್ವಾಮ್ಯದ ದೂರುಗಳು ನಿಂತರೆ ಇಡೀ ಚಾನೆಲ್ಲೇ ಅಳಿಸಿಹೋಗಬಹುದು. ಆದುದರಿಂದ ಸುರಕ್ಷಿತವಾದ ದಾರಿಗಳು ಎರಡೇ. ಅಂದು ಸ್ಥಳದಲ್ಲಿದ್ದು ತಮ್ಮ ಫೋನಿನಲ್ಲಿ ಚಿತ್ರೀಕರಿಸಿದವರನ್ನು ಹುಡುಕಿ ಬರವಣಿಗೆಯಲ್ಲಿ ಅಪ್ಪಣೆ ಪಡೆಯುವುದು ಒಂದು. ಗೇಟಿನ ನಕ್ಷೆ ಬರೆದು ತಾನೇ ಚಲನಚಿತ್ರಿಕೆ ಮಾಡುವುದು ಇನ್ನೊಂದು. ಘಟನೆಯು ಯಾರ ಸ್ವತ್ತೂ ಅಲ್ಲ. ಅದರ ಚಿತ್ರಣ ಮಾತ್ರ ಸ್ವತ್ತು.

ಅಣೆಕಟ್ಟಿನ ಶಂಕುಸ್ಥಾಪನೆ ೧೯೪೫ರಲ್ಲಿ ಆಯಿತು. ೧೯೫೩ರಲ್ಲಿ ನೀರು ಹರಿಯಿತು. ಆ ಕಾಲದ ವಾರ್ತಾಚಿತ್ರಗಳ ಅವಧಿ ಮುಗಿದಿದೆ. ೧೯೪೮ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ ಸಂಸ್ಥೆಯು ಸ್ವತಂತ್ರ ಭಾರತದ ಇಂಥ ಸಾಕ್ಷ್ಯಚಿತ್ರಗಳ ದೊಡ್ಡ ಭಂಡಾರವಾಗಿತ್ತು. ೨೦೨೨ರಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನಗೊಳಿಸಲಾಯಿತು. ಆದರೆ ಕೃತಿಸ್ವಾಮ್ಯ ಮುಗಿದ ಮಾತ್ರಕ್ಕೆ ಪ್ರತಿಯು ಪುಕ್ಕಟೆ ದೊರೆಯಬೇಕೆಂದೇನೂ ಇಲ್ಲ. ಫಿಲ್ಮಿನ ಸುರುಳಿಯನ್ನು ಕಾಪಾಡಿದವರು ಒಳ್ಳೆಯ ಪ್ರತಿಗೆ ಶುಲ್ಕ ಕೇಳಬಹುದು. ಅಲ್ಲದೆ ಚಿತ್ರದ ಹಿನ್ನೆಲೆಯ ಸಂಗೀತಕ್ಕೆ ಪ್ರತ್ಯೇಕವಾದ ಹಕ್ಕಿದ್ದು, ಅದು ಸಂಗೀತಗಾರನ ಮರಣಾನಂತರ ೬೦ ವರ್ಷಗಳವರೆಗೆ ಬಾಳುತ್ತದೆ. ಹಳೆಯ ಚಿತ್ರದ ಧ್ವನಿಯನ್ನು ತೆಗೆದು ದೃಶ್ಯವನ್ನು ಮಾತ್ರ ಬಳಸುವುದು ಜಾಣತನ.

ಮುಂಗಾರಿನ ಮೋಡಗಳಿಗೆ ಅಮೆರಿಕದ ನಾಸಾ ಸಂಸ್ಥೆಯ ಭಂಡಾರ ಒದಗುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದಲ್ಲಿ ರಚಿಸಿದ ಕೃತಿಗಳಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ನಾಸಾದ ಲಾಂಛನವನ್ನು ಬಳಸಕೂಡದು. ಸಂಸ್ಥೆಯೇ ನಮ್ಮ ಚಿತ್ರವನ್ನು ಮೆಚ್ಚಿದೆಯೆಂಬ ಭ್ರಮೆ ಹುಟ್ಟಿಸಕೂಡದು. ಅನ್ಯರ ಹಕ್ಕೆಂದು ಗುರುತಿಸಿದ ತುಣುಕುಗಳನ್ನು ಬಿಡಬೇಕು. ನಮ್ಮ ದೇಶದ ಪದ್ಧತಿ ಬೇರೆ. ಸರ್ಕಾರಿ ಕೃತಿಗಳಿಗೂ ಇಲ್ಲಿ ೬೦ ವರ್ಷಗಳ ರಕ್ಷಣೆಯುಂಟು. ಆದುದರಿಂದ ಇಸ್ರೋ ಸಂಸ್ಥೆಯ ದೃಶ್ಯವನ್ನು ‘ಸರ್ಕಾರದ್ದು, ಆದ್ದರಿಂದ ಎಲ್ಲರದು’ ಎಂದು ಭಾವಿಸದೆ, ಅದರ ನಿಯಮಗಳನ್ನು ಓದಿ, ಅಗತ್ಯವಿದ್ದರೆ ಅಪ್ಪಣೆ ಕೇಳಬೇಕು.

ಮಳೆ, ಹೊಳೆಗಳಂಥ ಸಾಮಾನ್ಯ ದೃಶ್ಯಗಳಿಗೆ ಪೆಕ್ಸೆಲ್ಸ್, ಪಿಕ್ಸಾಬೇ ಮುಂತಾದ ತಾಣಗಳಿವೆ. ಇಲ್ಲಿ ಬೆಲೆಯಿಲ್ಲ, ಹೆಸರು ಹಾಕಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ತುಣುಕನ್ನು ಇದ್ದಂತೆಯೇ ಮಾರಕೂಡದು; ಅದರಲ್ಲಿ ಗುರುತು ಹತ್ತುವ ಜನರನ್ನು ಅವಮಾನವಾಗುವಂತೆ ತೋರಿಸಕೂಡದು. ವಿಕಿಮೀಡಿಯ ಕಾಮನ್ಸ್ ತಾಣದಲ್ಲಿ ಪ್ರತಿ ಕಡತದ ಕೆಳಗೂ ಪರವಾನಗಿ ಬರೆದಿರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಪ್ರೆಲಿಂಗರ್ ಸಂಗ್ರಹದಲ್ಲಿ ಅಮೆರಿಕದ ಹಳೆಯ ಶೈಕ್ಷಣಿಕ ಚಿತ್ರಗಳು ಸಹಸ್ರಾರು ಇವೆ. ಯೂಟ್ಯೂಬಿನಲ್ಲಿಯೂ ಕ್ರಿಯೇಟಿವ್ ಕಾಮನ್ಸ್ ದೃಶ್ಯಗಳನ್ನಷ್ಟೇ ಶೋಧಿಸುವ ಸೌಕರ್ಯವುಂಟು. ಆದರೆ ಏರಿಸಿದವನೇ ಒಡೆಯನೆಂದು ನಂಬುವಂತಿಲ್ಲ. ಕದ್ದ ದೃಶ್ಯಕ್ಕೆ ಕಳ್ಳನು ಕೊಟ್ಟ ಅಪ್ಪಣೆ ಅಪ್ಪಣೆಯಲ್ಲ.

ಐದನೆಯ ದೃಶ್ಯವನ್ನು ಹುಡುಕಬೇಕಾಗಿಯೇ ಇಲ್ಲ. ಮೆಟ್ರಿಯಿಂದ ಹಂಪಿಗೂ ಹೊಸಪೇಟೆಗೂ ಒಂದೇ ದಿನದಲ್ಲಿ ಹೋಗಿಬರಬಹುದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಕಲಾಕೃತಿಗಳನ್ನು ಚಲಚ್ಚಿತ್ರದಲ್ಲಿ ಸೇರಿಸುವುದಕ್ಕೆ ಕೃತಿಸ್ವಾಮ್ಯದ ಅಡ್ಡಿಯಿಲ್ಲ. ಆದರೆ ಸ್ಥಳದ ನಿಯಮಗಳು ಬೇರೆ. ಪ್ರಾಚೀನ ಸ್ಮಾರಕಗಳ ೧೯೫೯ರ ನಿಯಮಾವಳಿಯಂತೆ ಸಂರಕ್ಷಿತ ಸ್ಮಾರಕಗಳಲ್ಲಿ ಚಲಚ್ಚಿತ್ರ ತೆಗೆಯಲು ಪರವಾನಗಿ ಬೇಕು. ಕ್ಯಾಮರಾದ ಸ್ಟ್ಯಾಂಡ್ ಒಯ್ಯಲೂ ಅನುಮತಿ ಬೇಕು. ಕೈಯಲ್ಲಿ ಫೋನು ಹಿಡಿದು ಹೋಗುವವನೂ ಸ್ಥಳದ ಪುರಾತತ್ವ ಕಚೇರಿಯಲ್ಲಿ ಮೊದಲು ವಿಚಾರಿಸುವುದು ಲೇಸು. ಅಣೆಕಟ್ಟಿನ ವಿಷಯದಲ್ಲಿ ತುಂಗಭದ್ರಾ ಮಂಡಳಿಯ ಅಧಿಕಾರಿಗಳನ್ನು ಕೇಳಬೇಕು. ಇಷ್ಟು ಮಾಡಿ ತೆಗೆದ ದೃಶ್ಯವು ವಿದ್ಯಾರ್ಥಿಯ ಸ್ವಂತ ಸ್ವತ್ತು. ಅವನು ಬಯಸಿದರೆ ಅದನ್ನು ಮುಕ್ತ ಪರವಾನಗಿಯೊಡನೆ ಕಾಮನ್ಸ್‌ಗೆ ನೀಡಬಹುದು. ಪಡೆಯುವವನು ಕೊಡುವವನೂ ಆದಾಗಲೇ ಇಂಥ ಭಂಡಾರಗಳು ಬೆಳೆಯುವುದು.

ದಾಖಲೆಯ ಪುಸ್ತಕ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಅಳತೆಯನ್ನು ಯಾವ ಉಪಕರಣದಿಂದ, ಎಂದು, ಯಾವ ಸ್ಥಿತಿಯಲ್ಲಿ ಪಡೆದೆವೆಂದು ಬರೆಯದಿದ್ದರೆ ಆ ಅಳತೆಗೆ ಬೆಲೆಯಿಲ್ಲ. ಸಿದ್ಧದೃಶ್ಯಕ್ಕೂ ಇದೇ ಶಿಸ್ತು ಸಲ್ಲುತ್ತದೆ. ದೃಶ್ಯದ ಹೆಸರು, ಕರ್ತೃ, ದೊರೆತ ತಾಣದ ವಿಳಾಸ, ಪರವಾನಗಿ, ಪಡೆದ ದಿನಾಂಕ, ನಾವು ಮಾಡಿದ ಬದಲಾವಣೆ ಈ ಆರನ್ನೂ ಪುಸ್ತಕದಲ್ಲಿ ಬರೆದು, ಪರವಾನಗಿಯ ಪುಟದ ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು. ತಾಣಗಳು ನಿಯಮಗಳನ್ನು ಬದಲಿಸುವುದುಂಟು. ಪಿಕ್ಸಾಬೇ ೨೦೧೯ರಲ್ಲಿ ಹಾಗೆ ಬದಲಿಸಿತು. ಪಡೆದ ದಿನದ ನಿಯಮ ಯಾವುದಾಗಿತ್ತೆಂದು ತೋರಿಸಬಲ್ಲವನಿಗೆ ಆತಂಕವಿಲ್ಲ. ಈ ಪುಸ್ತಕದಿಂದಲೇ ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯೂ ಸಿದ್ಧವಾಗುತ್ತದೆ. ಅಲ್ಲಿ ತಪ್ಪು ನುಸುಳಿದರೂ ತಿದ್ದಲು ದಾರಿಯಿದೆ. ಕ್ರಿಯೇಟಿವ್ ಕಾಮನ್ಸಿನ ನಾಲ್ಕನೆಯ ಆವೃತ್ತಿಯಂತೆ, ತಪ್ಪು ತಿಳಿದ ೩೦ ದಿನಗಳೊಳಗೆ ಸರಿಪಡಿಸಿದರೆ ಬಳಕೆಯ ಹಕ್ಕು ಮರಳಿ ದೊರೆಯುತ್ತದೆ.

ಯಾರು ಅಪ್ಪಣೆ ಕೊಟ್ಟರು? ಯಾವುದಕ್ಕೆ ಕೊಟ್ಟರು? ಯಾವ ನಿಯಮಕ್ಕೆ ಒಳಪಟ್ಟು ಕೊಟ್ಟರು? ಪ್ರತಿಯೊಂದು ತುಣುಕಿಗೂ ಈ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವಿರುವುದನ್ನು ಮಾತ್ರ ಚಿತ್ರಕ್ಕೆ ಸೇರಿಸಿದರೆ ಸಾಕು. ನಮ್ಮ ವಿದ್ಯಾರ್ಥಿಯು ತನ್ನ ಚಿತ್ರವನ್ನು ಯಾವ ಸಭೆಯಲ್ಲಾದರೂ ನಿರ್ಭಯವಾಗಿ ತೋರಿಸಬಹುದು.